ನೂರು ಕಾಳಿನ ಫೋಟೋ

ಮಾನ್ವಿಯ ಅಕ್ಕಿ ಮಿಲ್ಲಿನ ಅಂಗಳಕ್ಕೆ ಬೆಳಕು ಇನ್ನೂ ಬಂದೂ ಬಾರದ ಹೊತ್ತು. ಸೂರ್ಯ ಎದ್ದರೆ ಕೆಲಸ ಕೆಟ್ಟಿತು ಎಂಬ ಅವಸರದಲ್ಲಿ ಗುಲ್ಫಶಾ ಉತ್ತರದ ಗೋಡೆಯ ಬುಡದಲ್ಲಿ ಮಂಡಿಯೂರಿದ್ದಾರೆ. ಮುಂದೆ ಮಕ್ಕಳು ಅಕ್ಷರ ತಿದ್ದುವ ಕರಿ ಪಾಟಿ. ಅದರ ಮೇಲೆ ಎಣಿಸಿ ಹರವಿದ ನೂರು ಕಾಳು ಸೋನಾಮಸೂರಿ. ಮೂಲೆಯಲ್ಲಿ ಚಾಕ್‌ಪೀಸಿನ ಬರಹ: ಲಾಟ್ ೨೭, ನುಚ್ಚು ೧೪. ದುಪಟ್ಟಾದ ಅಂಚಿನಿಂದ ಮೊಬೈಲಿನ ಕಣ್ಣು ಒರೆಸಿ, ಉಸಿರು ಹಿಡಿದು, ಗುಂಡಿ ಒತ್ತುತ್ತಾರೆ.

"ಬಿಸಿಲು ಬಿತ್ತಂದ್ರ ಅಕ್ಕಿ ಮೈಮ್ಯಾಗ ಹೊಳಪು ಬರ್ತದ್ರಿ. ಆ ಹೊಳಪಿನಾಗ ನುಚ್ಚು ಅಡಗಿ ಕೂಡ್ತದ," ಎನ್ನುತ್ತಾರೆ, ತಲೆ ಎತ್ತದೆ.

ಗೇಟಿಗೆ ಮುಖ ಮಾಡಿ ಲಾರಿ ನಿಂತಿದೆ. ಮುನ್ನೂರು ಚೀಲ ತುಂಬಿ, ಹಗ್ಗ ಬಿಗಿದು ಆಗಿದೆ. ಬೆಳಗಾವಿಯ ವ್ಯಾಪಾರಿ ಉಮೇಶ ಫೋಟೋ ನೋಡಿ ಹೂಂ ಅಂದರೆ ಮಾತ್ರ ಅದು ಕದಲುವುದು. ಮಿಲ್ಲಿನ ಮಾಲೀಕ ಈರಯ್ಯನವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

"ಯವ್ವಾ, ಒಂಚೂರು ಬೆಳ್ಳಗ ಮಾಡವಾ. ಮೊಬೈಲ್‌ನಾಗ ಮದಿಮಗಳ್ನ ಬೆಳ್ಳಗ ಮಾಡ್ತಾರಂತ, ಅಕ್ಕಿ ಯಾವ ಲೆಕ್ಕ?"

"ಸಾವ್ಕಾರ್ರ, ಮದಿಮಗಳ್ನ ಯಾರೂ ವಾಪಸ್ ಕಳಸಂಗಿಲ್ಲ. ಲಾರಿ ಕಳಸ್ತಾರ. ಮರತ್ರೇನ್ರಿ?"

ಹಮಾಲರು ಗೊಳ್ಳೆಂದು ನಗುತ್ತಾರೆ. ಈರಯ್ಯನವರೂ ನಗುತ್ತಾರೆ, ಸ್ವಲ್ಪ ತಡವಾಗಿ. ಆ ಲಾರಿಯನ್ನು ಈ ಅಂಗಳದಲ್ಲಿ ಯಾರೂ ಮರೆತಿಲ್ಲ.

ಅಜ್ಜಿಯರು ಹೇಳುವ ಕಥೆಗಳಲ್ಲಿ ಮಲತಾಯಿ ಏಳು ಬಗೆಯ ಕಾಳು ಬೆರೆಸಿ, ಬೆಳಗಾಗುವುದರೊಳಗೆ ಬೇರೆ ಮಾಡು ಅನ್ನುತ್ತಾಳೆ. ಅಳುವ ಹುಡುಗಿಯ ಸಹಾಯಕ್ಕೆ ಇರುವೆಗಳು ಸಾಲುಗಟ್ಟಿ ಬರುತ್ತವೆ. ಗುಲ್ಫಶಾ ಅವರ ತಾಯಿ ಇಮಾಮ್ ಬೀಗೆ ಯಾವ ಇರುವೆಯೂ ಬರಲಿಲ್ಲ. ದೇವದುರ್ಗದಿಂದ ಮದುವೆಯಾಗಿ ಬಂದ ಅವರು ಇದೇ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಮೊರ ಹಿಡಿದು ಕಲ್ಲು, ನುಚ್ಚು ಆರಿಸಿದವರು. ಆರಿಸುವ ಯಂತ್ರ ಬಂದ ಮೇಲೆ ಮೊರ ಗೋಡೆಯ ಮೊಳೆಗೆ ಹೋಯಿತು. ಮಗಳು ಮಾತ್ರ ಮಿಲ್ಲಿನಲ್ಲೇ ಉಳಿದರು, ಗೇಟಿನಲ್ಲಿ ಲಾಟಿನ ನಂಬರು ಬರೆಯುವ ಕೆಲಸಕ್ಕೆ. ಅಕ್ಕಿ ನೋಡಲು ಊರೂರಿಂದ ಬರುತ್ತಿದ್ದ ವ್ಯಾಪಾರಿಗಳು ಕ್ರಮೇಣ ಬರುವುದನ್ನು ಬಿಟ್ಟು "ಫೋಟೋ ಹಾಕ್ರಿ" ಅನ್ನತೊಡಗಿದಾಗ, ಕೈಯಲ್ಲಿ ಮೊಬೈಲ್ ಇದ್ದ ಗುಲ್ಫಶಾ ತಾನಾಗಿಯೇ ಫೋಟೋದವರಾದರು.

ನಾಲ್ಕು ವರ್ಷದ ಹಿಂದೆ ಒಂದು ಲಾಟಿನ ಫೋಟೋ ತೆಗೆದರು. ಅಂಚು ಕತ್ತರಿಸಿ ಸೇವ್ ಮಾಡಿದರು. ಬೆಳಕು ಏರಿಸಿ ಮತ್ತೆ ಸೇವ್ ಮಾಡಿದರು. ಈರಯ್ಯನವರಿಗೆ ವಾಟ್ಸ್ಯಾಪ್ ಮಾಡಿದರು, ಅವರು ಗುಮಾಸ್ತನಿಗೆ, ಗುಮಾಸ್ತ ಉಮೇಶನಿಗೆ. ಮೂರನೇ ದಿನ ಲಾರಿ ತುಂಬಿದ್ದು ತುಂಬಿದ ಹಾಗೇ ಬೆಳಗಾವಿಯಿಂದ ತಿರುಗಿ ಬಂತು. ಫೋಟೋದಲ್ಲಿ ನೂರಕ್ಕೆ ನಾಲ್ಕು ನುಚ್ಚು, ಚೀಲದಲ್ಲಿ ಹನ್ನೆರಡು. ಮೋಸ ಎಂಬ ಮಾತು ಬಂದುಹೋಯಿತು.

"ನಾ ಏನೂ ಮುಚ್ಚಿಟ್ಟಿರಲಿಲ್ರಿ ಆವತ್ತು," ಎನ್ನುತ್ತಾರೆ ಗುಲ್ಫಶಾ.

ಮನೆಯಲ್ಲಿ ಇಮಾಮ್ ಬೀ ಅದೇ ಲಾಟಿನ ನೂರು ಕಾಳು ಪಾಟಿಯ ಮೇಲೆ ಹರವಿದರು. ಪಕ್ಕದಲ್ಲಿ ಮೊಬೈಲ್ ಇಟ್ಟರು. ಕಾಳು ನೋಡಿದರು, ಫೋಟೋ ನೋಡಿದರು. "ಎಂಟು ನುಚ್ಚು ಎಲ್ಲಿ ಹೋದವು ಬೇಟಾ?"

ಮೊಬೈಲ್ ನುಂಗಿತ್ತು. ತುಂಡು ಕಾಳಿನ ಅಂಚು ಮಸುಕಾಗಿ ಪಕ್ಕದ ಕಾಳಿಗೆ ಅಂಟಿ, ನೋಡಿದವರ ಕಣ್ಣಿಗೆ ಇಡಿಯಾಗಿ ಕಂಡಿತ್ತು. ಕಳಪೆ ಫೋಟೋ ಅಕ್ಕಿಯನ್ನು ಇದ್ದುದಕ್ಕಿಂತ ಚಂದ ತೋರಿಸಿತ್ತು!

ಮರುದಿನವೇ ಗುಲ್ಫಶಾ ರಾಯಚೂರಿನ ಬಸ್ಸು ಹತ್ತಿದರು. ಅಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ದೂರದ ಸಂಬಂಧಿ ಮುಕರ್ರಂ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರಂತೆ: "ಫೋಟೋ ಅಂದ್ರ ಬಣ್ಣದ ಬಟ್ಟಿ ಇದ್ದಂಗ ಬೆಹನ್. ಸೇವ್ ಮಾಡಿದಾಗೊಮ್ಮೆ ಒಗದಂಗ. ಎಷ್ಟು ಸಲ ಒಗದಿ?"

ಅಂದಿನಿಂದ ಗುಲ್ಫಶಾ ಮೊದಲು ತೆಗೆದ ಫೋಟೋಗೆ ಕೈ ಹಚ್ಚುವುದಿಲ್ಲ. ಅದರ ನಕಲು ಮಾಡಿ, ಏನು ತಿದ್ದುವುದಿದ್ದರೂ ಆ ನಕಲಿನಲ್ಲೇ, ಒಂದೇ ಸಲಕ್ಕೆ ತಿದ್ದಿ, ಒಂದೇ ಸಲ ಸೇವ್ ಮಾಡುತ್ತಾರೆ. ಬೆರಳಿಂದ ಝೂಮ್ ಎಳೆದು ತೆಗೆಯುವುದಿಲ್ಲ, ತಾವೇ ಬಗ್ಗಿ ಹತ್ತಿರ ಹೋಗುತ್ತಾರೆ. ಬಣ್ಣಕ್ಕೆ ಅವರ ಅಳತೆಗೋಲು ಚಾಕ್‌ಪೀಸು: ಪಾಟಿಯ ಅಂಕಿ ಬೆಳ್ಳಗೆ ಕಾಣುವ ತನಕ ತಿದ್ದುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ಆಗ ಅಕ್ಕಿ ಹಳದಿ ಕಂಡರೆ ಅಕ್ಕಿಯೇ ಹಳದಿ. ಅಂಚು ಚೂಪು ಮಾಡುವ, ಮೈ ನುಣುಪು ಮಾಡುವ ಗುಂಡಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ವಾಟ್ಸ್ಯಾಪಿನಲ್ಲಿ ಕಳಿಸುವಾಗಲೂ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸುತ್ತಾರೆ, ದಾರಿಯಲ್ಲಿ ಸೊರಗದಿರಲಿ ಅಂತ.

ಸುಗ್ಗಿಯಲ್ಲಿ ದಿನಕ್ಕೆ ಮೂವತ್ತೈದು ಲಾಟು. ಎಂದರೆ ಮೂರೂವರೆ ಸಾವಿರ ಕಾಳು, ಒಂದೊಂದಾಗಿ. ಬಿಸಿಲೇರಿದ ಮೇಲೆ ಉಳಿದವಕ್ಕೆ ಗೋದಾಮಿನ ಬಾಗಿಲ ನೆರಳೇ ಗತಿ. ಬೆನ್ನು ಸಂಜೆಗೆ ಸೆಟೆದುಕೊಳ್ಳುತ್ತದೆ. ದೇವದುರ್ಗದ ಇಬ್ಬರು ಮಿಲ್ಲಿನವರಂತೂ ತಮ್ಮಲ್ಲೇ ಒಳ್ಳೆಯ ಮೊಬೈಲುಗಳಿದ್ದರೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗುಲ್ಫಶಾಗೆ ಸ್ಯಾಂಪಲ್ ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಕೊಳ್ಳುವವರು ಈಗ ಕೇಳುವುದು ಅದೊಂದೇ: ಪಾಟಿ ಫೋಟೋ ಅದ ಏನ್ರಿ?

ಲಾಟ್ ೨೭ರ ಫೋಟೋ ಹೋಗಿ ಕಾಲು ಗಂಟೆಯಾಗಿದೆ. ಮಗಳ ನೆರವಿಗೆ ಬಂದು ಗೋಡೆಗೆ ಆತು ಕುಳಿತ ಇಮಾಮ್ ಬೀ ಮುಂದಿನ ಲಾಟಿನ ಕಾಳುಗಳನ್ನು ಬೆರಳ ತುದಿಯಲ್ಲೇ ಸವರಿ ಎಣಿಸುತ್ತಿದ್ದಾರೆ. ಕಣ್ಣು ಮಂಜಾಗಿದೆ, ಬೆರಳು ಆಗಿಲ್ಲ. ಮೊಬೈಲ್ ರಿಂಗಾಗುತ್ತದೆ. ಗುಲ್ಫಶಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕುತ್ತಾರೆ.

"ಅಕ್ಕಾರ, ಉಮೇಶ ಮಾತಾಡಾಕತ್ತೀನ್ರಿ. ಹದಿನಾಲ್ಕಲ್ರಿ, ಹದಿನೈದ ನುಚ್ಚು ಅದಾವು."

ಈರಯ್ಯನವರ ಮುಖ ಕಪ್ಪಿಡುತ್ತದೆ. ಲಾರಿ ಡ್ರೈವರು ಹಚ್ಚಹೊರಟ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ. ಗುಲ್ಫಶಾ ಫೋಟೋ ತೆರೆದು ಎರಡು ಬೆರಳಲ್ಲಿ ಹಿಗ್ಗಿಸುತ್ತಾರೆ. ಕಾಳೊಂದು ಹೆಬ್ಬೆಟ್ಟಿನಷ್ಟಾಗುತ್ತದೆ, ಅದರ ಮೈಯ ಗೆರೆಯೂ ಕಾಣುತ್ತದೆ. ಸಾಲು ಸಾಲಾಗಿ ಹುಡುಕುತ್ತ ಹೋಗುತ್ತಾರೆ. ಅಂಕಿಯ ಬಾಲಕ್ಕೆ ಒರಗಿಕೊಂಡು, ಚಾಕ್‌ಪೀಸಿನ ಬಿಳುಪಿನಲ್ಲಿ ಬಿಳುಪಾಗಿ, ತುದಿ ಮುರಿದ ಒಂದು ಕಾಳು. ಇಮಾಮ್ ಬೀ ಕನ್ನಡಕ ಏರಿಸಿ ಮೊಬೈಲನ್ನು ಮೂಗಿನ ತುದಿಗೆ ತಂದುಕೊಳ್ಳುತ್ತಾರೆ.

"ಖರೆ ಹೇಳ್ಯಾನ. ಇದು ನನ್ ಬೆರಳಿಗೂ ಸಿಕ್ಕಿಲ್ಲ."

"ಉಮೇಶಣ್ಣಾರ, ನನ್ನ ತಪ್ಪು. ಹದಿನೈದ ಅದಾವ್ರಿ," ಎನ್ನುತ್ತಾರೆ ಗುಲ್ಫಶಾ.

ಆ ಕಡೆಯಿಂದ ನಗು. "ಒಂದು ನುಚ್ಚಿಗೆ ಏನಾಗಂಗಿಲ್ರಿ ಅಕ್ಕಾರ. ಬೆಳಗಾವಿಯಾಗ ಕುಂತು ನಿಮ್ಮ ಪಾಟಿ ಮ್ಯಾಲಿನ ಕಾಳು ನಾ ಎಣಸಾಕತ್ತೀನಿ, ಮತ್ತೇನ್ ಬೇಕು? ಲಾರಿ ಬಿಡಸ್ರಿ."

ಲಾರಿ ಧೂಳೆಬ್ಬಿಸಿ ಗೇಟು ದಾಟುತ್ತದೆ. ಈರಯ್ಯನವರು ಚಹಾ ತರಿಸುತ್ತಾರೆ, ಇಮಾಮ್ ಬೀಗೆ ಮೊದಲ ಲೋಟ. ಗುಲ್ಫಶಾ ಪಾಟಿಯ ಮೇಲಿನ ನಾಲ್ಕನ್ನು ಹೆಬ್ಬೆರಳಿಂದ ಒರೆಸಿ ಐದು ಬರೆಯುತ್ತಾರೆ. ಲಾರಿ ಹೋದ ಮೇಲೆ ಅದನ್ನು ಯಾರೂ ನೋಡುವುದಿಲ್ಲ, ಆದರೂ ಬರೆಯುತ್ತಾರೆ. ಮುಖದಲ್ಲಿ ಸೋತವರ ಕಳೆಯೇ ಇಲ್ಲ, ಹಬ್ಬದ ಕಳೆ.

"ನನ್ನ ಕಣ್ಣು ತಪ್ಪಿತು ನೋಡ್ರಿ. ನನ್ನ ಫೋಟೋ ತಪ್ಪಲಿಲ್ಲ."