ಪಾತಾಳಗರಡಿ ತಂದವರು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಪುಟ್ಟೇನಹಳ್ಳಿಯ ಬತ್ತಿದ ಬಾವಿಯ ಕಟ್ಟೆಯ ಮೇಲೆ ಅಪ್ಪ ಅಂಟುವಾಳದ ನೊರೆಯಲ್ಲಿ ಉಜ್ಜುತ್ತಿದ್ದ ಊರಮ್ಮನ ಬೆಳ್ಳಿ ಮುಖವಾಡ ಕೈಜಾರಿ ಒಳಗೆ ಬಿತ್ತು. ಪೂಜಾರಿಯಾದ ಅಪ್ಪ ಹಗ್ಗ ಹಿಡಿದು ಇಳಿಯತೊಡಗಿದರು. ಪಕ್ಕದ ಮನೆಯ ಪಂಪ್ ರಿಪೇರಿಯವರು ಓಡಿ ಬಂದು ಅವರ ರಟ್ಟೆ ಹಿಡಿದು ಮೇಲೆಳೆದರು.

“ಮೊದ್ಲು ದೀಪ ಇಳೀಲಿ ಸ್ವಾಮಿ, ಆಮೇಲೆ ಮನುಷ್ಯ.”

ಯಾವ ಬಾವಿಯ ಬಳಿ ನಿಂತರೂ ಅವರದು ಅದೇ ಮಾತು. ಬಕೆಟ್ಟಿನಲ್ಲಿಟ್ಟು ಇಳಿಸಿದ ದೀಪ ಅರ್ಧದಲ್ಲೇ ಆರಿತು. ಕೆಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ.

ಆಗ ಅವರು ಮನೆಯಿಂದ ಪಾತಾಳಗರಡಿ ತಂದರು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು.

“ಅಮ್ಮನ ಮುಖಕ್ಕೆ ಕೊಕ್ಕೆ ಹಾಕ್ತೀರಾ?” ಅಪ್ಪ ಅತ್ತರು.

“ಕೈ ಹಿಡ್ದು ಮೇಲಕ್ ಕರೀತಿದೀನಿ ಕಣ್ರೀ. ಸುಮ್ನಿರಿ.”

ಕಣ್ಣು ಮುಚ್ಚಿ, ಹಗ್ಗದ ಮಾತನ್ನು ಬೆರಳಿನಿಂದ ಕೇಳುವವರಂತೆ ಮೆಲ್ಲಗೆ ಆಡಿಸಿದರು. ನಾಲ್ಕನೆಯ ಸಲ, ಮುಖವಾಡದ ಹಿಂದೆ ದಾರ ಕಟ್ಟುವ ಬಳೆಗೆ ಕೊಕ್ಕೆ ಸಿಕ್ಕಿತು. ಒಂದು ಗೀರೂ ಬೀಳದೆ ಅಮ್ಮ ಬಿಸಿಲಿಗೆ ಬಂದಳು. ತಮಟೆ ಬಡಿದೆವು, ಅಪ್ಪ ಕುಣಿದೇಬಿಟ್ಟರು!

ಆದರೂ ಮಲಗಿದರೆ, ಬಾವಿಯೊಳಗೆ ಇಳಿಯುತ್ತಿದ್ದ ಅಪ್ಪನ ಕಾಲುಗಳೇ ನನಗೆ ಕಾಣುತ್ತಿದ್ದವು. ಹನ್ನೆರಡನೆಯ ದಿನ ಪಂಪ್ ರಿಪೇರಿಯವರು ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದರು. ಅಂದು ನಾನು ಬೆಳಗಾಗುವವರೆಗೆ ನಿದ್ದೆ ಮಾಡಿದೆ.