ಸೊಂಪು ಗಿಡದ ಕಡ್ಡಿ

ಸಸ್ಯತೋಟದ ನೆರಳುಬಲೆಯ ಕೆಳಗೆ ಕಡ್ಡಿ ನೆಟ್ಟು ಬೇರು ಬರಿಸುವುದೇ ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಡ್ಡಿಯಕ್ಕ. ಬಂಡೆಗುಡ್ಡದಲ್ಲಿ ಅಳಿವಿನಂಚಿಗೆ ಬಂದಿದ್ದ ಒಂದು ಪೊದೆಗಿಡವನ್ನು ಹೆಚ್ಚಿಸು ಎಂದು ಅವಳಿಗೊಪ್ಪಿಸಿದ್ದರು. ಹೆಚ್ಚಿಸಿದಳು. ಬಡಕಲು ಗಿಡಗಳ ಗೊಡವೆಗೆ ಹೋಗದೆ, ಸೊಂಪಾಗಿದ್ದ ಒಂದರಿಂದಲೇ ಕಡ್ಡಿ ಮುರಿದಳು. ನೆಟ್ಟದ್ದೆಲ್ಲ ಚಿಗುರಿತು, ನೂರಾರು ಕುಂಡ. ಮೇಲಿನವರಿಗೆ ಬೇಕಾದದ್ದು ಎಣಿಕೆ. ಬೆನ್ನು ತಟ್ಟಿ, ಗುಡ್ಡದಲ್ಲಿ ನೆಡುವ ಸಮಾರಂಭಕ್ಕೆ ದಿನವನ್ನೂ ಗೊತ್ತು ಮಾಡಿದರು.

ಅಷ್ಟರಲ್ಲಿ ಗಿಡಗಳ ವಂಶಗುಣ ಪರೀಕ್ಷಿಸುವ ಲ್ಯಾಬಿನಾಕೆಯೊಬ್ಬಳು ಬಂದು ಒಂದೊಂದು ಗಿಡದಿಂದಲೂ ಎಲೆಯ ಚೂರು ಕತ್ತರಿಸಿ ಲಕೋಟೆಗೆ ತುಂಬತೊಡಗಿದಳು. ಕಡ್ಡಿಯಕ್ಕನ ತಲೆಯಲ್ಲಿ ಹುಳ ಹೊಕ್ಕಿತು.

“ಆಯಮ್ಮ ಏನೋ ಮಸಲತ್ತು ಮಾಡ್ತಿದ್ದಾಳೆ,” ಎಂದು ಮನೆಯಲ್ಲಿ ನಾದಿನಿಯೆದುರು ಗೊಣಗಿದಳು.

“ಅತ್ತಿಗೆ, ನಿಮಗೆ ಹಾಲಿನವನ ಮೇಲೂ ಅನುಮಾನ!”

“ಹಾಲಲ್ಲಿ ನೀರಿದ್ದಿದ್ದು ಸುಳ್ಳಾ?”

ಮುಂದಿನ ವಾರ ಲ್ಯಾಬಿನಾಕೆ ಮತ್ತೆ ಬಂದಳು. “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಒಳಗಿಂದ ಇವೆಲ್ಲ ಒಂದೇ ಗಿಡ, ಅಚ್ಚು ಹೊಡೆದ ಹಾಗೆ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರತ್ತೆ, ತಡ್ಕೊಳ್ಳೋದು ಒಂದೂ ಇರಲ್ಲ. ಗುಡ್ಡದ ತುಂಬಾ ಇದನ್ನೇ ನೆಟ್ರೆ ಒಂದೇ ಏಟಿಗೆ ಹೋಗ್ಬಿಡತ್ತೆ.”

“ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ನಿಮ್ಮನ್ನ ಯಾರು ಕಳಿಸಿದ್ದು ಮೇಡಂ?”

ಕಡ್ಡಿಯಕ್ಕ ಅಷ್ಟಕ್ಕೇ ಬಿಡಲಿಲ್ಲ. ಗುಡ್ಡ ಹತ್ತಿ, ತಾನು ಮೂಸಿಯೂ ನೋಡದಿದ್ದ ಬಡಕಲು ಗಿಡಗಳ ಎಲೆ ಕಿತ್ತಳು. ತನ್ನ ಕುಂಡದ ಎಲೆಗಳನ್ನೂ ಬೇರೆ ಲಕೋಟೆಗಳಿಗೆ ಹಾಕಿ, ತನಗಷ್ಟೇ ತಿಳಿಯುವಂತೆ ಅವುಗಳ ಮೂಲೆಯಲ್ಲಿ ಉಗುರು ಒತ್ತಿ, ಎಲ್ಲ ಕಲಸಿ ಲ್ಯಾಬಿನಾಕೆಗೆ ಕೊಟ್ಟಳು. “ಯಾವುದು ಎಲ್ಲೀದು, ಹೇಳಿ ನೋಡೋಣ.” ಸಿಕ್ಕಿಬೀಳುತ್ತಾಳೆಂದು ಕಾದಳು.

ಲ್ಯಾಬಿನಾಕೆ ಲಕೋಟೆಗಳನ್ನು ವಿಂಗಡಿಸಿ ತಂದಳು. “ಇವು ನಿಮ್ಮ ಕುಂಡದವು. ಇವು ಒಂದಕ್ಕಿಂತ ಒಂದು ಬೇರೆ. ಎಲ್ಲಿದ್ವು ಅಕ್ಕಾ? ಉಳಿಸಬೇಕಾಗಿದ್ದು ಇವನ್ನೂ!”

ಕಡ್ಡಿಯಕ್ಕ ಉಗುರಿನ ಗುರುತು ನೋಡಿದಳು. ಒಂದೂ ತಪ್ಪಿರಲಿಲ್ಲ.

ಇಬ್ಬರೂ ತೋಟದ ಅಧಿಕಾರಿಯ ಕೋಣೆಗೆ ಹೋದರು. “ಬಡಕಲು ಗಿಡದ್ದೂ ಬೆಳೆಸ್ತೀನಿ ಸಾರ್, ನೆಡೋದನ್ನ ಮುಂದಕ್ಕೆ ಹಾಕಿ,” ಎಂದಳು ಕಡ್ಡಿಯಕ್ಕ.

“ಎಲೆ ಒಳಗೆ ಯಾರಮ್ಮ ಇಣುಕ್ತಾರೆ? ಎಷ್ಟು ಅಂತ ಕೇಳ್ತಾರೆ, ಅಷ್ಟೇ. ನಿನ್ನ ಕೆಲಸ ಕಾಯಂ ಮಾಡಿಸ್ತೀನಿ, ಸುಮ್ನಿರು.”

ಗಿಡ ಕಾಯಂ ಆಗಿ ಉಳಿಯುವುದು ಬೇಡ, ಬಾಯಿ ಮುಚ್ಚಿದವರು ಕಾಯಂ ಆದರೆ ಸಾಕು: ಇದು ಸಂರಕ್ಷಣೆಯಂತೆ! ಬೇಡದೆ ಬಂದ ಬೆಣ್ಣೆ ಮಾತಿಗೆ ಕಡ್ಡಿಯಕ್ಕನ ಅನುಮಾನ ಮತ್ತೆ ಕಿವಿ ನೆಟ್ಟಗೆ ಮಾಡಿತು. ಇಷ್ಟು ದಿನ ತಾನು ಕಾವಲು ಕಾದದ್ದು ತಪ್ಪು ಬಾಗಿಲನ್ನು.

ಸಮಾರಂಭದಲ್ಲಿ ಅತಿಥಿ ಗುದ್ದಲಿ ಹಿಡಿದು ನಿಂತ. “ಎಷ್ಟು ಗಿಡ ಬೆಳೆಸಿದ್ದೀಯಮ್ಮ?”

ಅಧಿಕಾರಿ ಕಣ್ಣಲ್ಲೇ ಗದರಿಸಿದ.

“ಒಂದೇ ಸಾರ್. ಅದನ್ನೇ ಇಷ್ಟೂ ಕುಂಡಕ್ಕೆ ಹಂಚಿದ್ದೀನಿ. ಒಂದಕ್ಕೆ ರೋಗ ಬಂದ್ರೆ ಎಲ್ಲಾ ಸಾಯತ್ತೆ. ಬೇರೆಯವು ಮೇಲೆ ಬಂಡೆ ಸಂದೀಲಿವೆ, ಇನ್ನೂ ಬೆಳೆಸಬೇಕು.”

ತಮಾಷೆಯೆಂದು ನಗಹೊರಟ ಅತಿಥಿ, ಹೌದೆಂದು ತಲೆಯಾಡಿಸುತ್ತಿದ್ದ ಲ್ಯಾಬಿನಾಕೆಯನ್ನು ಕಂಡು ಗುದ್ದಲಿ ಕೆಳಗಿಟ್ಟ. ಅಂದು ಗುಂಡಿಗಳು ಖಾಲಿ ಉಳಿದವು.

ಕಾಯಂ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬಡಕಲು ಗಿಡಗಳಿಂದ ತಂದ ಕಡ್ಡಿಗಳಲ್ಲಿ ಹೆಚ್ಚಿನವು ಕೊಳೆತವು. ಕಡ್ಡಿಯಕ್ಕ ಬೈಯುತ್ತಲೇ ಮತ್ತೆ ನೆಟ್ಟಳು.