ಆರು ತಿಂಗಳಿಗೆ ಇಳಿಸಿದ ರೋಗ

ಈ ರೋಗಕ್ಕೆ ನಾನು ತೆತ್ತದ್ದು ಬಲಗೈಯ ಎರಡು ಬೆರಳು. ಉಂಗುರ ಬೆರಳು ಮತ್ತು ಕಿರುಬೆರಳು. ಕತ್ತರಿಸಿಲ್ಲ, ಕೈಯಲ್ಲೇ ಇವೆ. ಆದರೆ ಅಂಗೈ ಕಡೆಗೆ ಬಾಗಿ ಕುಳಿತಿವೆ, ಇನ್ನು ನೆಟ್ಟಗಾಗುವುದಿಲ್ಲ. ಗುಳಿಗೆಗೆ ಖರ್ಚಾಗಲಿಲ್ಲ, ಅವು ಸರಕಾರದವು, ಪುಕ್ಕಟೆ. ಬೆರಳು ಹೋದದ್ದು ಎರಡು ಕಾರಣಕ್ಕೆ. ದೊಡ್ಡ ಬೋರ್ಡು ಹಾಕಿಕೊಂಡ ಡಾಕ್ಟರುಗಳು ಒಂದೂವರೆ ವರ್ಷ ನನ್ನ ಕೈ ಮುಟ್ಟದೆ ಔಷಧ ಬರೆದರು. ಮುಟ್ಟಿ ನೋಡುವ ಒಬ್ಬ ನರ್ಸ್ ಸಿಕ್ಕ ಮೇಲೆ ನಾನು ಅವರ ಜೊತೆ ಚೌಕಾಸಿಗೆ ಇಳಿದೆ. ಮೊದಲನೆಯದಕ್ಕೆ ಇವತ್ತಿಗೂ ಸಿಟ್ಟಿದೆ. ಎರಡನೆಯದಕ್ಕೆ ಯಾರನ್ನು ಬೈಯಲಿ?

ನಾನು ಬೈಲಹೊಂಗಲದಲ್ಲಿ ದನದ ದಲ್ಲಾಳಿ. ಸಿರಸಂಗಿಯಿಂದ ಬಂದಾಗ ನನ್ನ ಹತ್ತಿರ ಹೆಗಲ ಮೇಲೊಂದು ಟವೆಲ್ ಇತ್ತು, ಬಾಯಿ ಇತ್ತು, ಬೇರೆ ಏನೂ ಇರಲಿಲ್ಲ. ಆ ಟವೆಲ್ಲೇ ನಮ್ಮ ಅಂಗಡಿ. ಎತ್ತಿನ ಬೆಲೆಯನ್ನು ನಾವು ಬಾಯಿಂದ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿಕೊಳ್ಳುತ್ತೇವೆ, ಕೊಳ್ಳುವವನು ಅದರ ಕೆಳಗೆ ನಮ್ಮ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು ಸಾವಿರ. ಸುತ್ತ ನಿಂತವರಿಗೆ ಸುಳಿವು ಸಿಗಬಾರದು. ಇಪ್ಪತ್ತು ವರ್ಷ ನನ್ನ ಕೈ ತಪ್ಪಿರಲಿಲ್ಲ.

ನೇಸರಗಿ ಸಂತೆಯಲ್ಲಿ ತಪ್ಪಿತು. ತೊರಗಲ್ ಕಡೆಯ ಗೌಡರೊಬ್ಬರು ಒಂದು ಎತ್ತಿಗಾಗಿ ಟವೆಲ್ ಕೆಳಗೆ ನನ್ನ ಬೆರಳು ಹಿಡಿದಿದ್ದರು.

"ಮೂರಕ್ಕ ಇದು ಬರೂದಿಲ್ರಿ ಗೌಡ್ರ," ಎಂದು ಅವರ ಕಿವಿಯಲ್ಲಿ ಹೇಳಿದೆ.

"ಮೂರ ಯಾಂವ ಹಿಡದಾನ? ಐದೂ ಬೆರಳ ಹಿಡದೇನಿ," ಎಂದು ಅವರು ಎಲ್ಲರಿಗೂ ಕೇಳುವಂತೆ ಅಂದರು. "ಮುಂಜಾನೆದ್ದ ಏನರ ಹಾಕ್ಕೊಂಡ ಬಂದಿಯೇನ?"

ಸುತ್ತಲಿನವರು ನಕ್ಕರು. ಬೆಲೆ ಬಯಲಾಯಿತು, ವ್ಯಾಪಾರ ಮುರಿಯಿತು. ಅಂದಿನಿಂದ ಗಮನ ಕೊಟ್ಟೆ. ಕೊನೆಯ ಎರಡು ಬೆರಳು ಯಾರೋ ಬಟ್ಟೆ ಸುತ್ತಿಟ್ಟಂತೆ ಮಂಕಾಗಿದ್ದವು. ಮೊಣಕೈ ಕೆಳಗೆ ತಾಮ್ರದ ಬಣ್ಣದ ಒಂದು ಕಲೆ ಇತ್ತು. ನನ್ನ ಹೆಂಡತಿ ಗಂಗವ್ವ ಅದನ್ನು ವರ್ಷದ ಹಿಂದೆಯೇ ತೋರಿಸಿದ್ದಳು. ತುರಿಕೆ ಇಲ್ಲ, ನೋವಿಲ್ಲ. ನೋಯದ್ದಕ್ಕೆ ಡಾಕ್ಟರ್ ಹತ್ತಿರ ಯಾರು ಹೋಗುತ್ತಾರೆ?

ಈಗ ಹೋದೆ. ಮೊದಲನೆಯವರು ಗಜಕರ್ಣ ಎಂದು ಮುಲಾಮು ಬರೆದರು. ಎರಡನೆಯವರು ನರದ ವೀಕ್‌ನೆಸ್ ಎಂದು ವಾರಕ್ಕೊಂದು ಇಂಜೆಕ್ಷನ್ ಚುಚ್ಚಿದರು. ಮೂರನೆಯವರನ್ನು ಕಾಣಲು ದೊಡ್ಡ ಊರಿಗೆ ಹೋಗಿ ಅರ್ಧ ದಿನ ಕಾದೆ. ಅವರು ಟೇಬಲ್ಲಿನ ಆಚೆಯಿಂದಲೇ ಕಲೆ ನೋಡಿ, ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿಕೊಂಡರು. "ಯಾರಾದರೂ ಸ್ಕಿನ್ ಸ್ಪೆಷಲಿಸ್ಟ್‌ಗೆ ತೋರಿಸಿ," ಎಂದರು. ರೋಗದ ಹೆಸರು ಹೇಳಲಿಲ್ಲ. ಅವರಿಗೆ ಗೊತ್ತಾಗಿತ್ತು ಎಂಬುದು ನನಗೆ ಈಗ ಗೊತ್ತಿದೆ. ಕುರ್ಚಿ ಸುಮ್ಮನೆ ಹಿಂದೆ ಸರಿಯುವುದಿಲ್ಲ. ನನಗೆ ಹೇಳಿದ್ದರೆ ಅವರ ನಾಲಿಗೆ ಸವೆಯುತ್ತಿತ್ತೆ?

ನಾನು ಸ್ಪೆಷಲಿಸ್ಟ್ ಹತ್ತಿರ ಹೋಗಲಿಲ್ಲ. ಡಾಕ್ಟರುಗಳ ಮೇಲಿನ ನಂಬಿಕೆಯೇ ತೀರಿತ್ತು.

ಒಂದು ದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಲೆಯ ಅಂಚಿಗೆ ಕೈ ಊರಿ ನಿಂತು ಮಾತಾಡುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು.

ಸುಡುತ್ತಿದ್ದದ್ದು ನನ್ನ ಕೈ.

ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಚಹಾದವನೇ ಹೇಳಿದ. ಅದರ ಮುಂದೆ ನೂರು ಸಲ ಹಾದುಹೋಗಿದ್ದೆ, ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಪುಕ್ಕಟೆ ಸಿಗುವುದು ಕಸ ಎಂಬ ಲೆಕ್ಕ ನನ್ನದು. ಡ್ರೆಸ್ಸಿಂಗ್ ಕೋಣೆಯಲ್ಲಿ ದಾಕ್ಷಾಯಣಿ ಸಿಸ್ಟರ್ ಇದ್ದರು. ಐವತ್ತರ ಆಸುಪಾಸು, ಗಿಡ್ಡ ಆಳು, ನಗುವ ರೂಢಿ ಇಲ್ಲ. ಗಾಯಕ್ಕೆ ಔಷಧ ಒತ್ತಿದರು.

"ಉರಿತೈತೇನ್ರಿ?"

"ಇಲ್ರಿ."

"ಈಗ?"

"ಇಲ್ಲ."

ಹತ್ತಿ ಕೆಳಗಿಟ್ಟರು. "ಕಣ್ಣ ಮುಚ್ಚರಿ. ನಾ ಎಲ್ಲೆ ಮುಟ್ಟತೇನಿ, ಅಲ್ಲೆ ಎಡಗೈಲೆ ತೋರಸ್ರಿ."

ಕಣ್ಣು ಮುಚ್ಚಿ ಕುಳಿತೆ. ಬಹಳ ಹೊತ್ತಾಯಿತು. "ಯಾವಾಗ ಮುಟ್ಟತೀರಿ ಸಿಸ್ಟರ್ರ?" ಎಂದು ಕೇಳಿದೆ.

"ಎಂಟ ಸಲ ಮುಟ್ಟೇನಿ."

ಕಣ್ಣು ಬಿಟ್ಟೆ. ಅವರ ಕೈಯಲ್ಲಿ ಬಾಲ್‌ಪೆನ್ ಇತ್ತು. ಆಮೇಲೆ ನನ್ನ ಮೊಣಕೈ ಹಿಂದಿನ ನರ ಒತ್ತಿ ನೋಡಿದರು. ಹಗ್ಗದಷ್ಟು ದಪ್ಪವಾಗಿತ್ತು. ಒಳಗಿನ ಡಾಕ್ಟರನ್ನು ಕರೆದು ತೋರಿಸಿದರು, ಅವರೂ ಹೌದೆಂದರು. ಹೆಸರು ಹೇಳಿದ್ದು ಸಿಸ್ಟರ್.

"ಕುಷ್ಠ ಐತ್ರಿ."

ಕೋಣೆಯ ಬಾಗಿಲು ತೆರೆದಿತ್ತು. ನಾನು ಮೊದಲು ನೋಡಿದ್ದು ಅದನ್ನೇ.

"ವಾಸಿ ಆಗತೈತಿ," ಎಂದರು. "ಎರಡ ವರ್ಷ ಗುಳಿಗಿ. ತಿಂಗಳಿಗೊಮ್ಮೆ ಇಲ್ಲೆ ಬಂದ ಈ ಕೆಂಪ ಕ್ಯಾಪ್ಸೂಲ್ ನನ್ನ ಮುಂದ ನುಂಗಬೇಕ. ಉಳದದ್ದ ಮನ್ಯಾಗ ದಿನಾ ತಗೋರಿ. ಔಷಧ ಸುರು ಆದಮ್ಯಾಲ ಯಾರಿಗೂ ಹರಡೂದಿಲ್ಲ. ಹೆಂಡತಿ ಮಕ್ಕಳನ್ನ ಒಮ್ಮಿ ಕರಕೊಂಡ ಬರ್ರಿ, ನೋಡತೇನಿ."

"ಎರಡ ವರ್ಷ ಭಾಳ ಆತ್ರಿ. ಸ್ವಲ್ಪ ಕಡಿಮಿ ಮಾಡ್ರಿ."

"ಇದೇನ ಎತ್ತೇನ್ರಿ, ಕಡಿಮಿ ಮಾಡಾಕ?"

ಬದುಕಿನಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಆರು ತಿಂಗಳ ಗುಳಿಗೆ ಒಮ್ಮೆಗೇ ಕಟ್ಟಿಕೊಡಿ ಎಂದೆ. ಇಲ್ಲ. ಹಿಂದಿನ ಬಾಗಿಲಿಂದ ಬರುತ್ತೇನೆ ಎಂದೆ. "ಮುಂದಿನ ಬಾಗಿಲದಾಗ ನಾಯಿ ಐತೇನ?" ಎಂದರು. ಅವರಿಗೇನು ಗೊತ್ತು? ಈ ರೋಗ ಇದ್ದವನ ಟವೆಲ್ ಕೆಳಗೆ ಯಾರು ಕೈ ಹಾಕುತ್ತಾರೆ? ಸುದ್ದಿ ಹೊರಬಿದ್ದ ದಿನ ನನ್ನ ಒಲೆ ಆರುತ್ತಿತ್ತು.

ಗಂಗವ್ವನಿಗೆ ಹೇಳಿದೆ. ಅವಳು ಅಳಲಿಲ್ಲ, ಮಕ್ಕಳನ್ನು ಕರೆದುಕೊಂಡು ತಾನೇ ಹೋಗಿ ತೋರಿಸಿಕೊಂಡು ಬಂದಳು. ಅವರಿಗೆ ಏನೂ ಇರಲಿಲ್ಲ. ನಾನು ಪ್ರತಿ ತಿಂಗಳು ತಲೆಗೆ ಟವೆಲ್ ಸುತ್ತಿ, ಬೇರೆ ಬೇರೆ ಓಣಿ ಹಾಯ್ದು ಆರೋಗ್ಯ ಕೇಂದ್ರಕ್ಕೆ ಹೋದೆ. ಗುಳಿಗೆಯಿಂದ ಮೈ ಬಣ್ಣ ಕಪ್ಪಾಯಿತು. ಸಂತೆಯಲ್ಲಿ ಕೇಳಿದವರಿಗೆ ಬಿಸಿಲು ಎಂದೆ.

ಆರನೆಯ ತಿಂಗಳಿಗೆ ಕಲೆ ಮಾಸಿತು. ಆಗ ನನ್ನ ದಲ್ಲಾಳಿ ಬುದ್ಧಿ ಎದ್ದು ಕುಳಿತಿತು. ಯಾರೂ ಮೊದಲ ಮಾತಿಗೆ ನಿಜವಾದ ಬೆಲೆ ಹೇಳುವುದಿಲ್ಲ. ಎರಡು ವರ್ಷ ಎಂದವರು ಒಂದಕ್ಕೆ ಒಪ್ಪುತ್ತಾರೆ. ಜಗ್ಗಿದರೆ ಆರು ತಿಂಗಳಿಗೆ ಬರುತ್ತಾರೆ. ನಾನೇ ಎರಡೂ ಕಡೆ ನಿಂತು ಮಾತು ಮುಗಿಸಿದೆ. ಹೋಗುವುದನ್ನು ಬಿಟ್ಟೆ.

"ಸಿಸ್ಟರ್ ಎರಡ ವರ್ಷ ಅಂದಾರ," ಎಂದಳು ಗಂಗವ್ವ.

"ಆಕಿ ಪಗಾರಕ್ಕ ಎರಡ ವರ್ಷ ಅಂತಾಳ. ನೀ ಸುಮ್ಮನಿರು."

ಎರಡೂವರೆ ತಿಂಗಳಾದ ಮೇಲೆ ಮೊಣಕೈಯಲ್ಲಿ ಒಂದು ನೋವು ಶುರುವಾಯಿತು, ಒಳಗೆ ಕಾದ ತಂತಿ ಎಳೆದ ಹಾಗೆ. ಎತ್ತಿನ ಹಗ್ಗ ಜಗ್ಗಿದ್ದಕ್ಕೆ ಇರಬೇಕೆಂದು ಎಣ್ಣೆ ತಿಕ್ಕಿದೆ. ಬೆರಳು ಬಾಗತೊಡಗಿದವು. ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ.

ಹೀಗಿರುವಾಗ ಒಂದು ಸಂತೆಯ ದಿನ, ಹೆಂಗಸರು ಬರದ ದನದ ಪೇಟೆಗೆ ಸಿಸ್ಟರ್ ಬಂದರು. ಸಾದಾ ಸೀರೆ, ಬಗಲಲ್ಲಿ ಛತ್ರಿ. ನಾನು ಒಂದು ಎತ್ತಿನ ಮರೆಗೆ ಸರಿದೆ.

"ಏನ ಬೇಕವ್ವಾ?" ಎಂದು ಒಬ್ಬ ಕೇಳಿದ.

"ಹಾಲಿನ ಆಕಳ. ಈ ದಲ್ಲಾಳಿ ಕೂಡ ಮಾತಾಡತೇನಿ," ಎಂದವರೇ ನನ್ನ ಹೆಗಲ ಟವೆಲ್ ಎಳೆದು ಕೈ ಮೇಲೆ ಹಾಕಿ, ಅದರ ಕೆಳಗೆ ನನ್ನ ಬಲಗೈ ಹಿಡಿದರು. ದನಿ ತಗ್ಗಿಸಿದರು. "ಹೇಳ್ರಿ, ಎಷ್ಟ ಹಿಡದೇನಿ?"

"ಎರಡು."

"ನಾಕ." ಬೆರಳನ್ನು ನೆಟ್ಟಗೆ ಮಾಡಲು ನೋಡಿದರು, ಆಗಲಿಲ್ಲ. "ಯಾವಾಗಿಂದ ಬಾಗ್ಯಾವು?"

"ಹದಿನೈದ ದಿನಾ ಆತ್ರಿ."

"ಹಿಂಗ ಬಿಟ್ರ ಇಡೀ ಕೈ ಮಡಚತೈತಿ. ಇವತ್ತ ಬರ್ರಿ."

"ಸಂತಿ ಮುಗಿಸಿ ನಾಳೆ..."

"ಟವೆಲ್ ತಗದ ಇಲ್ಲೇ ಮಾತಾಡೂಣೇನ?"

ಪಕ್ಕದ ದಲ್ಲಾಳಿ ಬಗ್ಗಿದ. "ಎಷ್ಟಕ್ಕ ಆತಬೇ?"

"ಇನ್ನೂ ಆಗಿಲ್ಲಪಾ. ಭಾಳ ಹಟದ ಮನಷ್ಯಾ," ಎಂದರು ಸಿಸ್ಟರ್.

ಅವರ ಹಿಂದೆ ನಡೆದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬೈದೆ. ಅಂದು ನನಗೆ ಅವರಷ್ಟು ವೈರಿ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಮನೆಗೆ ಬಂದು ಗಂಗವ್ವನ ಮೇಲೆ ಹರಿಹಾಯ್ದೆ.

"ನಾನ ಹೇಳಿ ಕಳಿಸೇನಿ. ಏನೀಗ?" ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಸಿಸ್ಟರ್ ಚೀಟಿ ಬರೆಸಿಕೊಟ್ಟು ದೊಡ್ಡ ದವಾಖಾನೆಗೆ ಕಳಿಸಿದರು. ಇದಕ್ಕೆ ರಿಯಾಕ್ಷನ್ ಅನ್ನುತ್ತಾರೆ, ನರ ಉರಿದು ಬಾತುಕೊಳ್ಳುತ್ತದೆ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಕೊಟ್ಟರು, ಕೈಗೆ ಸ್ಪ್ಲಿಂಟ್ ಕಟ್ಟಿದರು. ಮುಖ ಊದಿತು, ನಿದ್ದೆ ಹೋಯಿತು. ಉಳಿದ ಮೂರು ಬೆರಳು ಉಳಿದವು. "ನೋವು ಬಂದ ವಾರವೇ ಬಂದಿದ್ದರೆ ಐದೂ ಉಳಿಯುವ ಸಂಭವ ಇತ್ತು," ಎಂದರು ಅಲ್ಲಿಯ ಡಾಕ್ಟರ್.

ಗುಳಿಗೆ ಮತ್ತೆ ಮೊದಲಿಂದ ಶುರುವಾಯಿತು. ಪೂರ್ತಿ ಎರಡು ವರ್ಷ. ಈ ಸಲ ಮುಂದಿನ ಬಾಗಿಲಿಂದಲೇ ಹೋದೆ. ಸುದ್ದಿ ಹರಡಿತು. ಕೆಲವರು ನನ್ನ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ಅವರ ಹೆಸರು ನನಗೆ ನೆನಪಿವೆ, ಮರೆಯುವ ವಿಚಾರವೂ ಇಲ್ಲ. ಈಗ ವ್ಯಾಪಾರಕ್ಕೆ ಎಡಗೈ ಕೊಡುತ್ತೇನೆ. ಅಪಶಕುನ ಎನ್ನುವವರು ಬೇರೆ ದಲ್ಲಾಳಿ ಹತ್ತಿರ ಹೋಗುತ್ತಾರೆ. ಒಳ್ಳೆಯ ಎತ್ತು ಬೇಕಾದವರು ಎಡಗೈಯನ್ನೇ ಹಿಡಿಯುತ್ತಾರೆ. ಮೊದಲಿನಷ್ಟು ಇಲ್ಲ, ಆದರೆ ಮನೆ ನಡೆಯುತ್ತದೆ.

ಕಳೆದ ತಿಂಗಳು ಕೊನೆಯ ಪಾಕೀಟು ಮುಗಿಯಿತು. ಸಿಸ್ಟರ್ ಶಾಬಾಸ್ ಅನ್ನಲಿಲ್ಲ. "ಮುಗೀತ್ರಿ. ದಿನಾ ಕೈ ನೋಡ್ಕೋರಿ, ಗಾಯಾ ಆದ್ರ ಬರ್ರಿ," ಎಂದು ಮುಂದಿನವರನ್ನು ಕರೆದರು. ಕೈ ಮುಗಿಯಲು ಹೋದೆ. ಬಾಗಿದ ಬೆರಳು ಸರಿಯಾಗಿ ಕೂಡಲಿಲ್ಲ. ಅವರು ಅದನ್ನು ನೋಡಿದರು.

ಓದುವವರಿಗೆ ಹೇಳುವುದು ಇಷ್ಟು. ಮೈಮೇಲೆ ತುರಿಸದ, ನೋಯದ ಕಲೆ ಕಂಡರೆ ಮುಲಾಮು ಕೊಳ್ಳಲು ಹೋಗಬೇಡಿ. ಕಣ್ಣು ಮುಚ್ಚಿಕೊಂಡು ಮನೆಯವರಿಂದ ಒಂದು ದಾರದ ತುದಿ ಮುಟ್ಟಿಸಿ ನೋಡಿ. ತಿಳಿಯದಿದ್ದರೆ ಅಂದೇ ಹೊರಡಿ. ತಿಳಿದರೂ ತೋರಿಸಿಕೊಳ್ಳುವುದು ಲೇಸು. ನಿಮ್ಮನ್ನು ಮುಟ್ಟದೆ ಔಷಧ ಬರೆಯುವವರ ಮುಂದಿನಿಂದ ಎದ್ದು ಬನ್ನಿ, ಅವರು ಎಷ್ಟೇ ದೊಡ್ಡವರಿರಲಿ. ಸಣ್ಣ ಊರಲ್ಲಿ ಇಂಥ ಸಿಸ್ಟರ್ ಇರುವುದನ್ನು ಯಾವ ಬೋರ್ಡೂ ಹೇಳುವುದಿಲ್ಲ. ಆರೋಗ್ಯ ಕೇಂದ್ರಕ್ಕೆ ಹೋಗಿ, ಹಳೆಯ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವವರು ಯಾರು ಎಂದು ಕೇಳಿ. ಗುಳಿಗೆಯ ತಿಂಗಳಲ್ಲಿ ಒಂದನ್ನೂ ಕಡಿಮೆ ಮಾಡಿಸಬೇಡಿ. ನಡುವೆ ನೋವು ಬಂದರೆ, ಬೆರಳು ಮಂಕಾದರೆ ಮರುದಿನಕ್ಕೆ ತಳ್ಳಬೇಡಿ. ಮತ್ತು ಬೆಳಿಗ್ಗೆ ಬೇಗ ಹೋಗಿ. ಹನ್ನೊಂದರ ಬಸ್ಸಿಗೆ ನಮ್ಮ ಸಿಸ್ಟರ್ ಹಳ್ಳಿಗಳ ಕಡೆ ಹೊರಟುಬಿಡುತ್ತಾರೆ.